ಸೀದ ವಾಸನೆ ಅಮ್ಮನಿಗೆ ತಿಳಿಯುತ್ತಿಲ್ಲ: ಮೆದುಳಿನ ಸ್ಕ್ಯಾನ್ ಬೇಕೇ?

ಪ್ರಶ್ನೆ: ನಮ್ಮ ತಾಯಿಗೆ 63 ವರ್ಷ. ಎರಡು ವರ್ಷಗಳಿಂದ ಅವರಿಗೆ ವಾಸನೆ ಸರಿಯಾಗಿ ತಿಳಿಯುತ್ತಿಲ್ಲ. ಹಾಲು ತಳ ಹಿಡಿದು ಸೀದರೂ ಗೊತ್ತಾಗುವುದಿಲ್ಲ. ಸಾರಿಗೆ ಇಂಗು ಹಾಕಿದ್ದೇನೆಯೇ ಎಂದು ನನ್ನನ್ನೇ ಕೇಳುತ್ತಾರೆ. ಶೀತ, ನೆಗಡಿ ಏನೂ ಇಲ್ಲ. ಅವರ ಅಣ್ಣನಿಗೆ ಪಾರ್ಕಿನ್ಸನ್ ಕಾಯಿಲೆ ಇತ್ತು. ವಾಸನೆ ಹೋಗುವುದು ಅದರ ಮುನ್ಸೂಚನೆ ಎಂದು ಓದಿದಂದಿನಿಂದ ನನಗೆ ನೆಮ್ಮದಿಯಿಲ್ಲ, ಡಾಕ್ಟರೇ. ಈಗಲೇ ಮೆದುಳಿನ ಸ್ಕ್ಯಾನ್ ಮಾಡಿಸಬೇಕೇ?
– ಓದುಗರು, ಹಾಸನ

ಉತ್ತರ: ನೀವು ಓದಿದ್ದು ನಿಜ, ಆದರೆ ಅದನ್ನು ತಿರುಗುಮುರುಗಾಗಿ ಅರ್ಥಮಾಡಿಕೊಳ್ಳಬಾರದು. ಪಾರ್ಕಿನ್ಸನ್ ಇರುವವರಲ್ಲಿ ಬಹುಪಾಲು ಮಂದಿಗೆ ಘ್ರಾಣಶಕ್ತಿ ಕುಂದಿರುತ್ತದೆ. ಘ್ರಾಣಶಕ್ತಿ ಕುಂದಿದವರಲ್ಲಿ ಬಹುಪಾಲು ಮಂದಿಗೆ ಪಾರ್ಕಿನ್ಸನ್ ಬರುವುದೇ ಇಲ್ಲ. ವಯಸ್ಸು, ಮೂಗಿನೊಳಗೆ ಬೆಳೆದ ದುರ್ಮಾಂಸ, ತಲೆಗೆ ಬಿದ್ದ ಪೆಟ್ಟು, ಎಂದೋ ಬಂದು ಹೋದ ಕೋವಿಡ್, ಇವೆಲ್ಲವೂ ವಾಸನೆಯನ್ನು ಕಸಿಯಬಲ್ಲವು. ಆದ್ದರಿಂದ ಮೊದಲು ಕಿವಿ–ಮೂಗು–ಗಂಟಲಿನ ತಜ್ಞರಿಗೆ ತೋರಿಸಿ.

ಮನೆಯಲ್ಲಿಯೂ ಒಮ್ಮೆ ನೋಡಬಹುದು. ಅಮ್ಮ ಕಣ್ಣು ಮುಚ್ಚಿ, ಒಂದು ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಲಿ. ಇನ್ನೊಂದರ ಬಳಿ ಕಾಫಿಪುಡಿ, ಏಲಕ್ಕಿ, ನಿಂಬೆಸಿಪ್ಪೆಗಳನ್ನು ಒಂದೊಂದಾಗಿ ಹಿಡಿದು ಯಾವುದೆಂದು ಕೇಳಿ. ಅಮೃತಾಂಜನವನ್ನು ಮಾತ್ರ ಬಳಸಬೇಡಿ. ಅದರ ಖಾರ ಮುಖದ ಸ್ಪರ್ಶಜ್ಞಾನದ ನರವನ್ನೂ ಕೆರಳಿಸುವುದರಿಂದ, ವಾಸನೆ ಪೂರ್ತಿ ಹೋದವರಿಗೂ ಅದು ತಿಳಿಯುತ್ತದೆ.

ಈ ಕಾಯಿಲೆಗೂ ಮೂಗಿಗೂ ಏನು ನಂಟು ಎಂದರೆ, ಆಲ್ಫಾ–ಸಿನುಕ್ಲಿನ್ ಎಂಬ ಪ್ರೋಟೀನು ನರಕೋಶಗಳಲ್ಲಿ ಗಂಟುಗಟ್ಟುವುದು ಪಾರ್ಕಿನ್ಸನ್‌ನ ಮುಖ್ಯ ಲಕ್ಷಣ. ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು 2003ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ, ಈ ಗಂಟುಗಳು ಮೊದಲು ಕಾಣಿಸಿಕೊಳ್ಳುವ ಜಾಗಗಳಲ್ಲಿ ವಾಸನೆಯನ್ನು ಗ್ರಹಿಸುವ ಭಾಗವೂ ಒಂದು. ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಕೋಶಗಳನ್ನು ಅವು ತಲುಪುವುದು ಆಮೇಲೆ. ಕೈ ನಡುಗುವ ಹೊತ್ತಿಗೆ ಆ ಕೋಶಗಳಲ್ಲಿ ದೊಡ್ಡ ಪಾಲು ಆಗಲೇ ನಶಿಸಿರುತ್ತದೆ.

ಇನ್ನು ಸ್ಕ್ಯಾನ್. ಸಾಮಾನ್ಯ ಎಂಆರ್‌ಐಯಲ್ಲಿ ಈ ಕೊರತೆ ಹೆಚ್ಚಾಗಿ ಕಾಣುವುದಿಲ್ಲ. ಕಾಣಿಸುವುದು ಡೋಪಮಿನ್ ಟ್ರಾನ್ಸ್‌ಪೋರ್ಟರ್ ಸ್ಕ್ಯಾನ್. ನಮ್ಮಲ್ಲಿ ಟ್ರೋಡಾಟ್ ಎಂಬ ಹೆಸರಿನಲ್ಲಿ ನಡೆಯುತ್ತದೆ. ರಕ್ತನಾಳಕ್ಕೆ ಕೊಟ್ಟ ಅಲ್ಪ ವಿಕಿರಣದ ದ್ರವ್ಯವು ಡೋಪಮಿನ್ ನರತುದಿಗಳಿಗೆ ಅಂಟಿಕೊಂಡು ಹೊಳೆಯುತ್ತದೆ. ಆರೋಗ್ಯವಂತರಲ್ಲಿ ಎಡಬಲಕ್ಕೆ ಎರಡು ಅಲ್ಪವಿರಾಮ ಚಿಹ್ನೆಗಳಂತೆ ಕಾಣುವ ಈ ಹೊಳಪು, ಕಾಯಿಲೆಯಲ್ಲಿ ಬಾಲ ಕಳೆದುಕೊಂಡು ಬರೀ ಚುಕ್ಕಿಯಾಗಿ ಉಳಿಯುತ್ತದೆ.

ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರು ರೋಗಿಗಳ ಹತ್ತಿರದ ರಕ್ತಸಂಬಂಧಿಗಳನ್ನೇ, ಅಂದರೆ ನಿಮ್ಮ ತಾಯಿಯಂಥವರನ್ನೇ, ಪರೀಕ್ಷಿಸಿ 2004ರಲ್ಲಿ ವರದಿ ಮಾಡಿದರು. ಘ್ರಾಣಶಕ್ತಿ ತೀರಾ ಕುಂದಿದ್ದ 40 ಮಂದಿಯಲ್ಲಿ ಎರಡು ವರ್ಷಗಳೊಳಗೆ ಪಾರ್ಕಿನ್ಸನ್ ಬಂದದ್ದು ನಾಲ್ವರಿಗೆ. ಆ ನಾಲ್ವರ ಸ್ಕ್ಯಾನ್‌ನಲ್ಲಿಯೂ ಮೊದಲೇ ಕೊರತೆ ಕಂಡಿತ್ತು. ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವಾಸನೆಯೂ ಕುಂದಿ ಸ್ಕ್ಯಾನ್‌ನಲ್ಲಿಯೂ ಕೊರತೆಯಿದ್ದವರಲ್ಲಿ ಮೂವರಲ್ಲಿ ಇಬ್ಬರಿಗೆ ನಾಲ್ಕು ವರ್ಷಗಳಲ್ಲಿ ಕಾಯಿಲೆ ಬಂತು.

ಹಾಗಾದರೆ ಈಗಲೇ ಮಾಡಿಸಬೇಕೇ ಎಂದರೆ, ಬೇಡ ಎಂದೇ ನನ್ನ ಸಲಹೆ. ಕಾಯಿಲೆಯನ್ನು ಆರಂಭದಲ್ಲೇ ತಡೆದು ನಿಲ್ಲಿಸುತ್ತದೆಂದು ಸಾಬೀತಾದ ಔಷಧ ಇಂದಿಗೂ ಇಲ್ಲದಿರುವಾಗ, ಓಡಾಡಿಕೊಂಡು ಚೆನ್ನಾಗಿರುವ ತಾಯಿಯ ಕೈಗೆ ಅಂಥದೊಂದು ಚಿತ್ರವನ್ನು ಕೊಟ್ಟು ಅವರ ನಿದ್ದೆ ಕೆಡಿಸಲು ನನಗೆ ಮನಸ್ಸು ಬರುವುದಿಲ್ಲ. ಅದರ ಬದಲು ಒಮ್ಮೆ ನರರೋಗ ತಜ್ಞರಿಗೆ ತೋರಿಸಿ. ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೂಗುವುದು, ಕೈಕಾಲು ಬೀಸಿ ಒದೆಯುವುದು, ಬಹುಕಾಲದ ಮಲಬದ್ಧತೆ, ಅಕ್ಷರ ಸಣ್ಣದಾಗುತ್ತಾ ಬರುವುದು, ನಡೆಯುವಾಗ ಒಂದು ಕೈ ಬೀಸದಿರುವುದು ಇವೆಯೇ ಎಂದು ನೀವೇ ಗಮನಿಸಿ ಅವರಿಗೆ ಹೇಳಿ. ಸ್ಕ್ಯಾನ್ ಯಾವಾಗ ಬೇಕೆಂಬುದನ್ನು ಅವರು ನಿರ್ಧರಿಸುತ್ತಾರೆ.

ಈ ವಾರವೇ ಮಾಡಬೇಕಾದ ಕೆಲಸ ಬೇರೊಂದಿದೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದೇ ಅದಕ್ಕೆ ದುರ್ವಾಸನೆಯ ದ್ರವ್ಯ ಬೆರೆಸಿರುತ್ತಾರೆ. ಆ ಎಚ್ಚರಿಕೆ ನಿಮ್ಮ ತಾಯಿಗೆ ಮುಟ್ಟುವುದಿಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಹಾಕಿಸಿ, ರಾತ್ರಿ ರೆಗ್ಯುಲೇಟರ್ ಆಫ್ ಮಾಡುವ ಕೆಲಸವನ್ನು ನೀವೇ ವಹಿಸಿಕೊಳ್ಳಿ.