ಹರಾಜುಕುವಿನ ಫ್ರಾಕು ಯಾರ ಸೊತ್ತು?

ಓದುಗರೊಬ್ಬರ ಪತ್ರ: ಟೋಕಿಯೊದ ಹರಾಜುಕು ಬಡಾವಣೆಯ ಬೀದಿಗಳಲ್ಲಿ ಕಾಣುವ ಉಡುಪಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಹೊಗಳಿ ಬರೆದಿದ್ದೀರಿ. ನನ್ನ ಮಗಳು ಅಲ್ಲಿನ ಲೋಲಿಟಾ ಫ್ರಾಕು ತರಿಸಿಕೊಂಡು ತೊಡುತ್ತಾಳೆ. ಇದು ಬೇರೆಯವರ ಸಂಸ್ಕೃತಿಯನ್ನು ಕದ್ದ ಹಾಗಲ್ಲವೇ? ಅಲ್ಲಿನ ಹುಡುಗಿಯರೇ ಯುರೋಪಿನ ನಕಲು ಮಾಡಿರುವಾಗ ಅದು ಅವರದ್ದಾಗುವುದು ಹೇಗೆ?

ಸಂಪಾದಕರ ಉತ್ತರ: ನಕಲಿನ ಮಾತಿನಿಂದಲೇ ಶುರು ಮಾಡುತ್ತೇನೆ. ಮಗಳ ಫ್ರಾಕನ್ನು ಒಮ್ಮೆ ಹತ್ತಿರದಿಂದ ನೋಡಿ. ಮೊಣಕಾಲಿನ ಹತ್ತಿರ ನಿಲ್ಲುವ, ಗಂಟೆಯಾಕಾರದ ಲಂಗ. ಆ ಉಬ್ಬು ನಿಲ್ಲಲು ಒಳಗೆ ಪೆಟಿಕೋಟು, ಅದರೊಳಗೆ ಬ್ಲೂಮರ್ಸ್ ಎಂಬ ಸಡಿಲ ಚಡ್ಡಿ. ಕತ್ತಿನವರೆಗೆ ಗುಂಡಿ ಹಾಕಿದ ಬ್ಲೌಸು, ಅಂಚಿಗೆಲ್ಲ ಲೇಸು, ತಲೆಗೆ ದೊಡ್ಡ ಬೋ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಹಳೆಯ ಯುರೋಪಿನದ್ದೇ. ಆದರೆ ಅಲ್ಲಿ ವಯಸ್ಸಿಗೆ ಬಂದ ಹೆಂಗಸರ ಲಂಗ ನೆಲ ಮುಟ್ಟುತ್ತಿತ್ತು. ಇವನ್ನೆಲ್ಲ ಹೀಗೆ ಜೋಡಿಸಿದವರು ಜಪಾನಿನ ಹುಡುಗಿಯರು, ಮತ್ತು 1988ರಲ್ಲಿ ಶುರುವಾದ ‘ಬೇಬಿ, ದಿ ಸ್ಟಾರ್ಸ್ ಶೈನ್ ಬ್ರೈಟ್’ನಂಥ ಬ್ರ್ಯಾಂಡುಗಳು. ಗಂಡಸರು ಮೆಚ್ಚಲಿ ಅಂತಲ್ಲ, ನಮ್ಮ ಖುಷಿಗೆ ತೊಡುತ್ತೇವೆ ಅನ್ನುತ್ತಾರೆ ಅವರು. ಇದನ್ನು ನಕಲು ಅನ್ನಲು ನನಗೆ ಮನಸ್ಸಿಲ್ಲ.

 

ಇನ್ನು ಕಳ್ಳತನದ ಮಾತು. 2009ರಲ್ಲಿ ಜಪಾನಿನ ವಿದೇಶಾಂಗ ಇಲಾಖೆಯೇ ಮೂವರು ‘ಕವಾಯಿ ರಾಯಭಾರಿ’ಗಳನ್ನು ನೇಮಿಸಿತು (ಕವಾಯಿ ಅಂದರೆ ಮುದ್ದಾದದ್ದು). ಲೋಲಿಟಾ ಉಡುಪಿಗಾಗಿ ಆರಿಸಿದ್ದು ಮಿಸಾಕೊ ಅಓಕಿ ಎಂಬ ಮಾಡೆಲ್‌ಳನ್ನು. ಆಕೆ ನರ್ಸ್ ಕೂಡ. ದೇಶ ದೇಶ ಸುತ್ತಿ, ನೀವೂ ತೊಡಿ ಎಂದು ಹುರಿದುಂಬಿಸುವುದೇ ಅವಳ ಕೆಲಸವಾಗಿತ್ತು. ಕರೆದು ಬಡಿಸಿದ ಊಟವನ್ನು ಉಂಡರೆ ಕಳ್ಳತನ ಆಗಲ್ಲ, ಅಲ್ವಾ?

ನನಗೆ ಸಿಟ್ಟು ಬರುವುದು ಬೇರೆ ಕಡೆ. 2004ರಲ್ಲಿ ಅಮೆರಿಕದ ಗಾಯಕಿ ಗ್ವೆನ್ ಸ್ಟೆಫಾನಿ ತನ್ನ ಹಿಂದೆ ನಾಲ್ವರು ‘ಹರಾಜುಕು ಗರ್ಲ್ಸ್’ ನಿಲ್ಲಿಸಿಕೊಂಡಳು. ತನ್ನ ಆಲ್ಬಮ್ಮಿನ ಶೀರ್ಷಿಕೆಯನ್ನೇ ಒಡೆದು ಲವ್, ಏಂಜೆಲ್, ಮ್ಯೂಸಿಕ್, ಬೇಬಿ ಎಂದು ಅವರಿಗೆ ಹೆಸರಿಟ್ಟಳು. ಅಲ್ಲಿ ಬಟ್ಟೆಯಲ್ಲ, ಮನುಷ್ಯರೇ ಅಲಂಕಾರದ ಸಾಮಾನಾದರು. 2019ರಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕಾರ್ದಾಶಿಯನ್ ತನ್ನ ಒಳಉಡುಪಿನ ಬ್ರ್ಯಾಂಡಿಗೆ, ಜಪಾನಿನ ಸಾಂಪ್ರದಾಯಿಕ ನಿಲುವಂಗಿಯ ಹೆಸರಾದ ‘ಕಿಮೋನೊ’ ಎಂದು ಹೆಸರಿಟ್ಟು ಟ್ರೇಡ್‌ಮಾರ್ಕ್ ಕೇಳಿದಾಗ, ಅದು ಬೇಡವೆಂದು ಜಪಾನಿನ ಕ್ಯೋಟೊ ನಗರದ ಮೇಯರ್ ಪತ್ರ ಬರೆದರು. ಹೆಸರು ಬದಲಾಯಿತು. ಜಪಾನಿನವರೂ ಇದರಿಂದ ಹೊರತಲ್ಲ. ಅಲ್ಲಿನ ಕೆಲವು ಹಿಪ್‌ಹಾಪ್ ಪ್ರಿಯರು ಕಪ್ಪು ಜನರಂತೆ ಕಾಣಲು ಚರ್ಮವನ್ನೇ ಕಪ್ಪಾಗಿಸಿಕೊಂಡರು. ಅದು ನನಗೆ ಒಪ್ಪಿಗೆಯಿಲ್ಲ.

ಆದರೂ ಟೋಕಿಯೊದವರು ಸರಿ ಅಂದರೆ ಮುಗಿಯಿತು ಅಂತಲ್ಲ. 2015ರಲ್ಲಿ ಬೋಸ್ಟನ್ ಲಲಿತಕಲಾ ಮ್ಯೂಸಿಯಂನಲ್ಲಿ ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ ಬರೆದ, ಕಿಮೋನೊ ತೊಟ್ಟ ಹೆಂಗಸಿನ ಚಿತ್ರದ ಮುಂದೆ ತಾವೂ ಕಿಮೋನೊ ತೊಟ್ಟು ಫೋಟೊ ತೆಗೆಸಿಕೊಳ್ಳುವ ಏರ್ಪಾಟಿತ್ತು. ಏಷ್ಯಾ ಮೂಲದ ಅಮೆರಿಕನ್ ಯುವಜನ ಪ್ರತಿಭಟಿಸಿದರು. ತೊಡಲಿ ಬಿಡಿ ಎಂದ ಜಪಾನಿಯರೂ ಅಲ್ಲಿದ್ದರು. ಜಪಾನಿನಲ್ಲೇ ಬೆಳೆದ ಜಪಾನಿಯರನ್ನು ಅವರ ಮುಖ ನೋಡಿ ಸಾಮಾನ್ಯವಾಗಿ ಯಾರೂ ಆಡಿಕೊಂಡಿರುವುದಿಲ್ಲ. ಅಮೆರಿಕದಲ್ಲಿ ಬೆಳೆದವರಿಗೆ ಆ ನೋವು ಗೊತ್ತು. ಅವರ ಮಾತಿಗೂ ನಾನು ಕಿವಿಗೊಡುತ್ತೇನೆ.

ಮಗಳನ್ನು ಕೇಳಬೇಕಾದದ್ದು ಒಂದಿದೆ: ಫ್ರಾಕು ಎಲ್ಲಿ ಕೊಂಡದ್ದು? ಅದರ ಮೇಲಿನ ಪ್ರಿಂಟನ್ನು ಯಾರೋ ಕೂತು ಬಿಡಿಸಿರುತ್ತಾರೆ. ಅದನ್ನು ಹಾಗೇ ಇಳಿಸಿ ಅಗ್ಗಕ್ಕೆ ಮಾರುವವರು ಜಾಸ್ತಿ. ಲೋಲಿಟಾ ತೊಡುವವರು ಅಂಥ ಮಾಲನ್ನು ತಮ್ಮಲ್ಲೇ ಖಂಡಿಸುತ್ತಾರೆ. ಹೊಸದು ದುಬಾರಿ ಅನ್ನಿಸಿದರೆ, ಒಮ್ಮೆ ಬಳಸಿದ ಅಸಲಿ ಫ್ರಾಕುಗಳನ್ನು ಹೊರದೇಶಗಳಿಗೆ ಕಳಿಸುವ ಅಂಗಡಿಗಳು ಜಪಾನಿನಲ್ಲೇ ಇವೆ. ಮುಂದಿನ ಸಲ ಅಲ್ಲಿಂದ ತರಿಸಿಕೊಳ್ಳಲು ಹೇಳಿ.