ಪ್ರತಿಕ್ರಿಯೆ: ಕೆರೆ ಪುನಶ್ಚೇತನದ ಕೆಲಸಕ್ಕೆ ಜಿಐಎಸ್ ಒಂದೇ ಸಾಕಾ?

ಬಿ.ಎಸ್ಸಿ ಬಾಟನಿ ಮುಗೀತಾ ಇದೆ, ಕೆರೆ, ಜೌಗು ಪ್ರದೇಶಗಳ ಪುನಶ್ಚೇತನದಲ್ಲಿ ಕೆಲಸ ಹುಡುಕ್ತೀನಿ, ಆರು ತಿಂಗಳ ಜಿಐಎಸ್ (ಕಂಪ್ಯೂಟರಲ್ಲಿ ನಕ್ಷೆ ಮಾಡೋ ವಿದ್ಯೆ) ಕೋರ್ಸ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ನಕ್ಷೆ ಮಾಡೋರು ಬೇಕಾದಷ್ಟು ಸಿಗ್ತಾರೆ, ಕೆಸರಿಗೆ ಇಳಿಯೋರು ಕಮ್ಮಿ.

ಮೊದಲು ಮಣ್ಣು ನೋಡೋದು ಕಲೀರಿ. ಕೆರೆಯಂಚಲ್ಲಿ ಒಂದಡಿ ಅಗೆದು ಹೆಂಟೆ ಮುರಿದು ನೋಡಿ: ಬೂದು ಬಣ್ಣ, ಬೇರು ಹಾದ ಕಡೆ ತುಕ್ಕಿನ ಗೆರೆ, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ. ಬೇಸಿಗೆಯಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ದರೂ ಅಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತೆ ಅಂತ ಆ ಹೆಂಟೆಯೇ ಹೇಳುತ್ತೆ. (ನನ್ನ ಮೊದಲ ಪಾಠದ ದಿನ ಒಂದು ಚಪ್ಪಲಿ ಕೆಸರಲ್ಲೇ ಉಳೀತು.)

ಆಮೇಲೆ ನೀರಿನ ದಾರಿ. ರಾಜಕಾಲುವೆ (ಮಳೆನೀರು ಹರಿಯೋ ದೊಡ್ಡ ಕಾಲುವೆ), ತೂಬು (ಕೆರೆಯಿಂದ ನೀರು ಬಿಡೋ ಬಾಗಿಲು), ಕೋಡಿ (ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗೋ ಜಾಗ) ಇವನ್ನ ಕಾಲ್ನಡಿಗೆಯಲ್ಲೇ ನೋಡಬೇಕು. ನಿಮ್ಮೂರಲ್ಲಿ ಹಳೇ ನೀರಗಂಟಿ (ಕೆರೆ ನೀರು ಬಿಟ್ಟು ಹಂಚೋರು) ಯಾರಾದರೂ ಇದ್ದರೆ ಒಂದು ದಿನ ಅವರ ಹಿಂದೆ ಸುತ್ತಿ.

ಬೆಂಗಳೂರಿಗೆ ಬಂದರೆ ಜಕ್ಕೂರು ಕೆರೆ ನೋಡಿ. ಅಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಬರೋ ನೀರು ಜೊಂಡಿನ ನಡುವೆ ಹಾದು ಕೆರೆ ಸೇರುವ ವ್ಯವಸ್ಥೆ ಇದೆ. ಜೊಂಡು ಹೀರಿದ ಸಾರಜನಕ, ರಂಜಕ ಅದರ ಮೈಯಲ್ಲೇ ಇರುತ್ತೆ. ಆಗಾಗ ಕೊಯ್ದು ಹೊರಹಾಕದಿದ್ದರೆ ಕೊಳೆತು ವಾಪಸ್ ನೀರಿಗೇ. ಹೂಳೆತ್ತುವ ನೆಪದಲ್ಲಿ ಕೆರೆಯನ್ನ ಬಟ್ಟಲಿನ ಹಾಗೆ ತೋಡಿದರೂ ಕಷ್ಟ, ಅಂಚಲ್ಲೂ ಆಳವಾಗಿ ಕೊಕ್ಕರೆಗೆ ನಿಲ್ಲೋ ಜಾಗವೇ ಇರಲ್ಲ. ಕಾಲೇಜಲ್ಲಿ ಇದನ್ನೆಲ್ಲ ಯಾರೂ ಹೇಳಿಕೊಡಲ್ಲ.

2017ರ ಜೌಗು ಪ್ರದೇಶ ನಿಯಮಗಳನ್ನೂ ಒಮ್ಮೆ ಓದಿ. ಜಿಐಎಸ್ ಅನ್ನ ಮುಂದೆ ಎಂ.ಎಸ್ಸಿ ಮಾಡುವಾಗ ಜೊತೆಗೇ ಕಲಿಯಬಹುದು. ಬಾಟನಿಯವರಾದ್ದರಿಂದ ನೀರುಗಿಡ ಗುರುತಿಸೋದರಲ್ಲಿ ನೀವು ಆಗಲೇ ಮುಂದಿದ್ದೀರಿ. ಯಾವ ಊರು ಅಂತ ತಿಳಿಸಿ, ಹತ್ತಿರದ ಕೆರೆ ಹೇಳ್ತೀನಿ.