ಆಸ್ಪತ್ರೆ ಇದ್ದೂ ಯಾಕೆ ಮುಂದಕ್ಕೆ ಕಳಿಸ್ತಾರೆ?

ಪ್ರಶ್ನೆ: ಮೇಡಂ, ನಮ್ಮಕ್ಕಂಗೆ ಹೆರಿಗೆ ಆದ್ಮೇಲೆ ರಕ್ತ ನಿಲ್ಲಲೇ ಇಲ್ಲ, ಆ ಆಸ್ಪತ್ರೆಯವರು ಇಲ್ಲಿ ಆಗಲ್ಲ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ ಅಂದ್ರು, ಅಲ್ಲಿ ಹೋದ್ರೆ ರಕ್ತ ಇಲ್ಲ ಅಂದ್ರು, ಮೂರನೇ ಕಡೆ ಹೆಂಗೋ ಉಳ್ಕೊಂಡ್ಲು. ಡಾಕ್ಟ್ರು, ನರ್ಸು, ಬೆಡ್ಡು ಎಲ್ಲಾ ಇದ್ದೂ ಯಾಕೆ ಹಿಂಗೆ? ನಾನೂ ಈಗ ಬಸುರಿ, ಭಯ ಆಗ್ತಿದೆ.

ಉತ್ತರ: ಅಕ್ಕ ಉಳ್ಕೊಂಡ್ರಲ್ಲ, ಸಮಾಧಾನ ಆಯ್ತು. ನೋಡಮ್ಮ, ಹೆರಿಗೆ ಮಾಡ್ಸೋದು ಬೇರೆ, ಹೆರಿಗೆ ಕಷ್ಟ ಆದಾಗ ಜೀವ ಉಳಿಸೋದು ಬೇರೆ. ಅದಕ್ಕೆ ಆಪರೇಷನ್ ಥಿಯೇಟರು, ಅನಸ್ತೇಷಿಯಾ (ಅರಿವಳಿಕೆ) ಡಾಕ್ಟ್ರು, ರಕ್ತ ಮೂರೂ ಒಂದೇ ಹೊತ್ತಲ್ಲಿ ಒಂದೇ ಕಡೆ ಬೇಕು, ಒಂದು ಇಲ್ಲಾಂದ್ರೂ ಉಳಿದೆರಡು ಇದ್ದೂ ಇಲ್ದಂಗೆ. ಎಷ್ಟೋ ಕಡೆ ಹಗಲು ಮೂರೂ ಇರ್ತವೆ, ರಾತ್ರಿ ಇರಲ್ಲ.

1994ರಲ್ಲಿ ಥ್ಯಾಡಿಯಸ್, ಮೇನ್ ಅನ್ನೋ ಇಬ್ರು ಸಂಶೋಧಕರು ತಾಯಂದಿರ ಸಾವಿನ ಹಿಂದೆ ಮೂರು ತಡ ಇರುತ್ತೆ ಅಂತ ಬರೆದ್ರು: ಮನೇಲಿ ಹೊರಡೋಕೆ ಆಗೋದು, ದಾರೀಲಿ ಆಗೋದು, ಆಸ್ಪತ್ರೆ ಒಳಗೆ ಆಗೋದು. ಎಲ್ರೂ ಮೊದಲನೇದನ್ನೇ ಹಿಡ್ಕೊಂಡು ಮನೆಯವರನ್ನ ಬೈತಾರೆ, ನಿಮ್ಮಕ್ಕಂಗೆ ಆಗಿದ್ದು ಮೂರನೇದು. ಕಳಿಸೋದು ತಪ್ಪಲ್ಲ, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ರಕ್ತ ಇದ್ಯಾ ಅಂತ ಕೇಳ್ದೆ ಕಳಿಸೋದು ತಪ್ಪು.

ಇನ್ನೊಂದು, ರಕ್ತ ಎಷ್ಟು ಹೋಯ್ತು ಅಂತ ಗೊತ್ತಾಗೋದೇ ಲೇಟು. ನಾರ್ಮಲ್ ಹೆರಿಗೇಲಿ ಅರ್ಧ ಲೀಟರ್ ಆಯ್ತು ಅಂದ್ರೇನೇ ಅದು ಜಾಸ್ತಿ, ಆದ್ರೆ ಬಟ್ಟೇಲಿ, ನೆಲದ ಮೇಲೆ ಹರಡಿರೋದನ್ನ ಕಣ್ಣಂದಾಜಲ್ಲಿ ನೋಡಿದ್ರೆ ಕಮ್ಮೀನೇ ಅನ್ಸುತ್ತೆ. ಆಫ್ರಿಕಾದ 4 ದೇಶಗಳಲ್ಲಿ ಬಾಣಂತಿ ಕೆಳಗೆ ಅಳತೆ ಗೆರೆ ಇರೋ ಪ್ಲಾಸ್ಟಿಕ್ ಶೀಟ್ ಹಾಕಿ ರಕ್ತ ಅಳೆದ್ರು, ಮಿತಿ ದಾಟಿದ ತಕ್ಷಣ ಗರ್ಭಕೋಶ ಮಸಾಜು, ಇಂಜೆಕ್ಷನ್ನು, ಡ್ರಿಪ್ಪು ಎಲ್ಲಾ ಒಟ್ಟಿಗೇ ಶುರು ಮಾಡಿದ್ರು, ವಿಪರೀತ ರಕ್ತಸ್ರಾವ, ಅದ್ರಿಂದ ಆಪರೇಷನ್ ಇಲ್ಲಾ ಸಾವು ಇವು ಒಟ್ಟಾರೆ ಶೇ. 60ರಷ್ಟು ಕಮ್ಮಿ ಆದ್ವು, 2023ರಲ್ಲಿ ಬಂದ ಫಲಿತಾಂಶ ಇದು. ದುಬಾರಿ ಮೆಷಿನ್ ಒಂದೂ ಇಲ್ಲ! ಇಷ್ಟು ಸುಲಭದ್ದು ಎಲ್ಲಾ ಲೇಬರ್ ವಾರ್ಡಲ್ಲೂ ಇಲ್ವಲ್ಲ ಅಂತ ನಂಗೆ ಸಿಟ್ಟು ಬರುತ್ತೆ. ಗರ್ಭಕೋಶ ಬಿಗಿಯಾಗಿಸಿ ರಕ್ತ ನಿಲ್ಸೋ ಆಕ್ಸಿಟೋಸಿನ್ ಇಂಜೆಕ್ಷನ್ನೂ ಅಷ್ಟೇ, 2ರಿಂದ 8 ಡಿಗ್ರಿ ತಂಪಲ್ಲಿಡ್ಬೇಕು, ಫ್ರಿಡ್ಜ್ ಕೆಟ್ಟು ಬಿಸೀಲಿ ಕೂತ್ರೆ ಅದರ ಶಕ್ತಿ ಕುಂದುತ್ತೆ.

ನೀವು ಈಗ್ಲೇ ಹಿಮೋಗ್ಲೋಬಿನ್ ಚೆಕ್ ಮಾಡಿಸ್ಕೊಳ್ಳಿ, ರಕ್ತಹೀನತೆ ಇದ್ದವ್ರಿಗೆ ಸ್ವಲ್ಪ ರಕ್ತ ಹೋದ್ರೂ ತಡ್ಯೋಕಾಗಲ್ಲ. ಹೆರಿಗೆ ಎಲ್ಲಿ ಅಂತ ಗೊತ್ತಾದ್ಮೇಲೆ ಅಲ್ಲಿ ನೇರವಾಗಿ ಕೇಳಿ: ರಾತ್ರಿ ಸಿಸೇರಿಯನ್ ಆಗುತ್ತಾ, ರಕ್ತ ಎಲ್ಲಿಂದ ತರ್ತೀರಾ, ಆಗಲ್ಲಾಂದ್ರೆ ಎಲ್ಲಿಗೆ ಕಳಿಸ್ತೀರಾ. ಅಕ್ಕನ ವಿಷಯಾನೂ ಡಾಕ್ಟ್ರಿಗೆ ಹೇಳಿ, ಮುಚ್ಚಿಡ್ಬೇಡಿ.